ಇನ್ನಾಸಿಗೊಂದು ಪತ್ರ: ತಪಸ್ಸುಕಾಲಕ್ಕೆ ಏನು ಬಿಡೋದು?

ಪ್ರೀತಿಯ ಇನ್ನಾಸಿ,

ತಪಸ್ಸುಕಾಲ, ಅಂದ್ರೆ ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ಕಾಲ, ಶುರುವಾಗೋ ಬೂದಿ ಬುಧವಾರ ಈ ಸಲ, 2026ರಲ್ಲಿ, ಫೆಬ್ರವರಿ 18ಕ್ಕೇ ಬಂದುಬಿಡ್ತು. ಏನು ಬಿಡ್ಲಿ, ಮಾಂಸವೋ ಕಾಫಿಯೋ ಫೋನೋ ಅಂತ ಕೇಳಿದ್ದೀಯ. ದಿನಾ ಕೈಗೆ ಸಿಗೋ ಸಣ್ಣದೊಂದನ್ನ ಬಿಡು, ಅಳತೆ ಹಾಕಿ ಬಿಡು ಅನ್ನೋದು ನನ್ನ ಮಾತು. ಯಾಕೆ ಅಂತ ಬಿಡಿಸಿ ಬರೀತೀನಿ.

ಮೊದಲು ಲೆಕ್ಕ. ಫೆಬ್ರವರಿ 18ರಿಂದ ಪಾಸ್ಖದ (ಈಸ್ಟರಿನ) ಹಿಂದಿನ ದಿನ, ಅಂದ್ರೆ ಏಪ್ರಿಲ್ 4ರವರೆಗೆ ಎಣಿಸಿದ್ರೆ 46 ದಿನ. ನಡುವಿನ ಆರು ಭಾನುವಾರ ಕಳೆದ್ರೆ 40. ಭಾನುವಾರ ಪುನರುತ್ಥಾನದ ದಿನ, ಉಪವಾಸದ ಎಣಿಕೆಗೆ ಸೇರಲ್ಲ. ಎಡವಟ್ಟಾಗೋದು ಇಲ್ಲೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಟನ್ನೋ ಕೋಳಿಯೋ ತರೋದೇ ಭಾನುವಾರ, ಚರ್ಚಲ್ಲಿ ಪೂಜೆ ಮುಗಿಸಿ ಬರ್ತಾ. ಅಂಥ ಮನೆಯವನು "ತಪಸ್ಸುಕಾಲ ಪೂರ್ತಿ ಮಾಂಸ ಬಿಟ್ಟಿದ್ದೀನಿ, ಭಾನುವಾರ ಮಾತ್ರ ಲೆಕ್ಕಕ್ಕಿಲ್ಲ" ಅಂದ್ರೆ ಅವನು ಬಿಟ್ಟಿದ್ದು ಸೊನ್ನೆ. ಹಾಗಾಗಿ ಏನು ಬಿಡೋದು ಅನ್ನೋದಕ್ಕಿಂತ ಮುಂಚೆ ಭಾನುವಾರ ಏನು ಮಾಡ್ತೀಯ ಅಂತ ನಿರ್ಧಾರ ಮಾಡ್ಕೋ. ನನ್ನ ಕೇಳಿದ್ರೆ, ತಿನ್ನೋ ಕುಡಿಯೋ ವಿಷಯದಲ್ಲಿ ಭಾನುವಾರ ಸಡಿಲ ಬಿಡಬಹುದು. ಚಟದ ವಿಷಯದಲ್ಲಿ ಬೇಡ. ವಾರಕ್ಕೊಂದು ದಿನ ಸಿಗರೇಟು ಸೇದಿದ್ರೆ ಸೋಮವಾರ ಮತ್ತೆ ಒಂದನೇ ದಿನದ ಕಷ್ಟವೇ.

ಇನ್ನೊಂದು ಗೊಂದಲ. ಚರ್ಚಿನ ಕಟ್ಟಳೆ ಬೇರೆ, ನೀನಾಗಿ ಬಿಡೋದು ಬೇರೆ. ಕಟ್ಟಳೆ ಇರೋದು ಇಷ್ಟೇ: 14 ತುಂಬಿದವರು ಬೂದಿ ಬುಧವಾರ ಮತ್ತು ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ತಿನ್ನಬಾರದು. 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರು ಬೂದಿ ಬುಧವಾರ, ಶುಭ ಶುಕ್ರವಾರ ಎರಡು ದಿನ ಉಪವಾಸ ಇರಬೇಕು. ಮಿಕ್ಕಿದ್ದೆಲ್ಲ ನಿನ್ನ ಸ್ವಂತ ತೀರ್ಮಾನ. ಅದು ತಪ್ಪಿಹೋದ್ರೆ ನಾಳೆ ಬೆಳಿಗ್ಗೆ ಮತ್ತೆ ಶುರು ಮಾಡಿದ್ರಾಯ್ತು. ಆದ್ರೆ ಹುಷಾರು, "ಹರಕೆ ಹೊತ್ಕೊಂಡಿದ್ದೀನಿ" ಅಂತ ಬಾಯಿ ಜಾರಿ ಕೂಡ ಅನ್ಬೇಡ. ದೇವರಿಗೆ ತಿಳಿದೂ ತಿಳಿದೂ ಮಾತು ಕೊಟ್ಟು ಹರಕೆ ಹೊತ್ರೆ ಅದು ತೀರಿಸಲೇಬೇಕಾದ ಬಾಧ್ಯತೆ. ಸಕ್ಕರೆ ಬಿಡೋಕೆ ಹರಕೆ ಯಾಕೋ?

ಉಪವಾಸ ಅಂದ್ರೆ ನೀರೂ ಮುಟ್ಟದೆ ಇರೋದಲ್ಲ. ಒಂದು ಪೂರ್ತಿ ಊಟ, ಜೊತೆಗೆ ಎರಡು ಚಿಕ್ಕ ಊಟ. ಆ ಎರಡನ್ನ ಸೇರಿಸಿದ್ರೂ ಪೂರ್ತಿ ಊಟದಷ್ಟಾಗಬಾರದು. ಮಧ್ಯಾಹ್ನ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ ಉಣ್ಣೋನು ಬೆಳಿಗ್ಗೆ ಎರಡು ಇಡ್ಲಿ, ರಾತ್ರಿ ಒಂದು ಚಪಾತಿ ತಿಂದ್ರೆ ಲೆಕ್ಕ ಸರಿಹೋಯ್ತು. ನಡುವೆ ಕುರುಕಲು ಇಲ್ಲ. ನೀರು, ಮಾತ್ರೆಗೆ ತಡೆ ಇಲ್ಲ. ಸಕ್ಕರೆ ಕಾಯಿಲೆಯವರು ತಿಂಡಿ ಬಿಟ್ಟು ಮಾತ್ರೆ ಮಾತ್ರ ನುಂಗಿದ್ರೆ ಅಥವಾ ಇನ್ಸುಲಿನ್ ಚುಚ್ಕೊಂಡ್ರೆ ಶುಗರ್ ಏಕಾಏಕಿ ಇಳಿದು ಶಿಲುಬೆ ಹಾದಿಯ ಪ್ರಾರ್ಥನೆಯ ನಡುವೆಯೇ ತಲೆ ತಿರುಗಿ ಬೀಳಬಹುದು. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಈ ಉಪವಾಸದ ಬಾಧ್ಯತೆ ಇಲ್ಲ.

ಮೀನು, ಮೊಟ್ಟೆ, ಹಾಲಿಗೆ ಶುಕ್ರವಾರ ಅಡ್ಡಿಯಿಲ್ಲ. ಹಾಗಂತ ಅಂಜಲ್ ಮೀನಿನ ತವಾ ಫ್ರೈ ಮಾಡಿಸ್ಕೊಂಡು ತಿಂದ್ರೆ ನಿಯಮವೇನೂ ಮುರಿಯಲ್ಲ, ತಪಸ್ಸೂ ಆಗಲ್ಲ. ಮಟನ್ ಪೀಸ್ ಪಕ್ಕಕ್ಕಿಟ್ಟು ಬರೀ ಸಾರು ಹಾಕಿಸ್ಕೊಳ್ಳೋರನ್ನ ಕಂಡ್ರೆ ನಗು ಬರುತ್ತೆ. ಬೆಂಗಳೂರಲ್ಲೇ ಇರೋ ಕೇರಳದ ಸಿರಿಯನ್ ಕ್ರೈಸ್ತರು ಅಂಬತು ನೋಂಬು (ಐವತ್ತು ದಿನದ ಉಪವಾಸ) ಅಂತ ಬೂದಿ ಬುಧವಾರಕ್ಕೆ ಮುಂಚಿನ ಸೋಮವಾರದಿಂದಲೇ ಶುರು ಮಾಡ್ತಾರೆ. ಅವರಲ್ಲಿ ಕಟ್ಟುನಿಟ್ಟಾಗಿ ಹಿಡಿಯೋ ಮನೆಗಳಲ್ಲಿ ಅಷ್ಟೂ ದಿನ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ.

ಈ ವರ್ಷದ ನಿಜವಾದ ಪರೀಕ್ಷೆ ಮಾರ್ಚ್ 20. ಯುಗಾದಿ 19ರ ಗುರುವಾರ, ಮಾರನೇ ದಿನ ಹೊಸತೊಡಕು, ಅದೂ ಶುಕ್ರವಾರ. ಬೀದಿ ತುಂಬಾ ಮಟನ್ ಸಾರಿನ ಘಮ, ಪಕ್ಕದ ಮನೆಯಿಂದ ಡಬ್ಬಿ ಬರುತ್ತೆ. 19ಕ್ಕೆ ಸಂತ ಜೋಸೆಫರ ಮಹೋತ್ಸವ. ಅದೇನಾದ್ರೂ ಶುಕ್ರವಾರ ಬಿದ್ದಿದ್ರೆ ಮಾಂಸದ ತಡೆ ಆ ದಿನಕ್ಕೆ ತಾನಾಗಿ ಸಡಿಲ ಆಗ್ತಿತ್ತು. ಒಂದೇ ಒಂದು ದಿನದಲ್ಲಿ ತಪ್ಪಿಹೋಯ್ತು ನೋಡು! ದಾರಿ ಇಲ್ಲದೇ ಇಲ್ಲ. ಡಬ್ಬಿಯನ್ನ ಫ್ರಿಜ್ಜಲ್ಲಿಟ್ಟು ಶನಿವಾರ ಬಿಸಿ ಮಾಡ್ಕೊಂಡು ತಿನ್ನು. ಊಟಕ್ಕೇ ಕರೆದಿದ್ರೆ "ಶುಕ್ರವಾರ, ತಿನ್ನಲ್ಲ ಕಣಕ್ಕ" ಅಂದ್ರೆ ಸಾಕು. ಸೋಮವಾರ, ಶನಿವಾರ ಅಂತ ವಾರ ಹಿಡಿಯೋ ಮನೆಗಳಿರೋ ಊರಲ್ಲಿ ಅದಕ್ಕೆ ವಿವರಣೆ ಯಾರೂ ಕೇಳಲ್ಲ, ಒಬ್ಬಟ್ಟು ಕೋಸಂಬರಿ ಬಡಿಸ್ತಾರೆ. ಬೀಗರ ಮನೆ ಊಟ, ತಪ್ಪಿಸ್ಕೊಳ್ಳೋಕೇ ಆಗಲ್ಲ ಅನ್ನೋ ಹಾಗಿದ್ರೆ ನಿಮ್ಮ ಧರ್ಮಕೇಂದ್ರದ (ನಿಮ್ಮೂರ ಚರ್ಚಿನ) ಫಾದರನ್ನ ಮುಂಚೆಯೇ ಕೇಳು. ಅವರು ಆ ಒಂದು ದಿನಕ್ಕೆ ವಿನಾಯಿತಿ ಕೊಡಬಹುದು, ಇಲ್ಲಾ ಬೇರೆ ಪ್ರಾಯಶ್ಚಿತ್ತಕ್ಕೆ ಬದಲಾಯಿಸಿಕೊಡಬಹುದು. ತಿಂದಮೇಲೆ ಕೇಳಿದ್ರೆ ಅದು ಪಾಪನಿವೇದನೆ.

ಈಗ ಕಾಫಿ. ಬಿಡೋರಲ್ಲಿ ಹೆಚ್ಚಿನವರು ಬೂದಿ ಬುಧವಾರವೇ ಒಂದೇಟಿಗೆ ನಿಲ್ಲಿಸ್ತಾರೆ, ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತೆ. ಉಪವಾಸದಿಂದ ಅಂದ್ಕೋತಾರೆ, ಅಸಲಿಗೆ ಅದು ಕೆಫೀನ್ ನಿಂತಿದ್ದರಿಂದ. ಕೊನೇ ಲೋಟ ಕುಡಿದ 12ರಿಂದ 24 ಗಂಟೆಯಲ್ಲಿ ಶುರುವಾಗಿ, ಒಂದೆರಡು ದಿನ ಜೋರಾಗಿದ್ದು, ಒಂದು ವಾರದವರೆಗೂ ಎಳೆಯಬಹುದು. ಅದಕ್ಕೆ ಹತ್ತು ದಿನ ಮುಂಚೆಯಿಂದಲೇ ಇಳಿಸ್ತಾ ಬಾ. ದಿನಕ್ಕೆ ನಾಲ್ಕು ಲೋಟ ಇದ್ರೆ ಮೂರು ದಿನ ಮೂರು, ಮೂರು ದಿನ ಎರಡು, ಆಮೇಲೆ ಬೆಳಿಗ್ಗೆ ಒಂದೇ, ಅದಕ್ಕೂ ಡಿಕಾಕ್ಷನ್ ಅರ್ಧ. ಕಾಫಿ ಬದಲು ಟೀ ಕುಡಿದ್ರೆ ತಲೆನೋವು ಅಷ್ಟಾಗಿ ಬರಲ್ಲ, ಟೀಯಲ್ಲೂ ಕೆಫೀನ್ ಇದೆಯಲ್ಲ. ಆದ್ರೆ ನೀನು ಬಿಟ್ಟಿದ್ದೇನು ಅಂತ ಯಾರಾದ್ರೂ ಕೇಳಿದ್ರೆ ಉತ್ತರ ರೆಡಿ ಇಟ್ಕೋ.

ನಿನಗಂತೂ ನಾನು ಹೇಳೋದು ಕಾಫಿ ಅಲ್ಲ, ಕಾಫಿಯೊಳಗಿನ ಸಕ್ಕರೆ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಅಂದ್ರೆ 40 ದಿನಕ್ಕೆ 240 ಚಮಚ. ಟೀ ಚಮಚಕ್ಕೆ ನಾಲ್ಕು ಗ್ರಾಂ ಹಿಡಿದ್ರೆ 960 ಗ್ರಾಂ, ಹತ್ತಿರ ಹತ್ತಿರ ಒಂದು ಕೆಜಿ. ಇದರ ಗುಣ ಏನಂದ್ರೆ ದಿನಕ್ಕೆ ಮೂರು ಸಲ, ಗೊತ್ತಾದ ಹೊತ್ತಿಗೆ ನೆನಪಿಸುತ್ತೆ. ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತೆ, ಮುಚ್ಚಳ ತೆಗೆಯೋವಾಗ ಎಚ್ಚರ ಆಗುತ್ತೆ. ಆ ಗಳಿಗೆಗೆ ಯೇಸು ಕಲಿಸಿದ ಒಂದು ಪರಲೋಕ ಮಂತ್ರ ಸಾಕು. ಚಿಕೋರಿ ಬೆರೆತ ಪುಡಿ ಮೊದಲ ವಾರ ಕಷಾಯದ ಹಾಗೇ ಇರುತ್ತೆ. ಚಿಕೋರಿ ಕಮ್ಮಿ ಇರೋ ಪುಡಿ ತಗೋ, ಹಾಲು ಸ್ವಲ್ಪ ಗಟ್ಟಿ ಇರಲಿ. ದರ್ಶಿನಿಯಲ್ಲಿ ಲೋಟಕ್ಕೆ ಸಕ್ಕರೆ ಬಿದ್ದಮೇಲೆ ಹೇಳಿ ಪ್ರಯೋಜನ ಇಲ್ಲ, ಟೋಕನ್ ಕೊಡುವಾಗಲೇ "ಒಂದು ವಿತೌಟ್" ಅನ್ನು. ಬೆಲ್ಲ ಹಾಕ್ಕೊಳ್ಳೋದು ಕಳ್ಳದಾರಿ. ಗಡಿ ಮಾತ್ರ ಮುಂಚೆಯೇ ಹಾಕ್ಕೋ: ಚಮಚದಿಂದ ಹಾಕೋ ಸಕ್ಕರೆ ಇಲ್ಲ, ಅಷ್ಟೇ. ಬ್ರೆಡ್ಡಲ್ಲಿದೆಯಾ, ಬಿಸ್ಕತ್ತಲ್ಲಿದೆಯಾ ಅಂತ ಹುಡುಕೋಕೆ ಹೋದ್ರೆ ಎರಡನೇ ವಾರಕ್ಕೆ ಸುಸ್ತಾಗಿ ಎಲ್ಲಾ ಬಿಟ್ಬಿಡ್ತೀಯ.

ನಿನ್ನ ತಮ್ಮ ಕುಡಿತ ಬಿಡ್ತೀನಿ ಅಂದನಂತೆ. ಒಳ್ಳೇದೇ, ಆದ್ರೆ ದಿನಾ ಕುಡಿಯೋ ಮೈ ಅದು. ಒಂದೇ ಸಲಕ್ಕೆ ನಿಲ್ಲಿಸಿದ್ರೆ ಕೈನಡುಕ, ಬೆವರು ಶುರುವಾಗಿ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಬೂದಿ ಹಚ್ಚಿಸ್ಕೊಳ್ಳೋಕೆ ಮುಂಚೆ ಡಾಕ್ಟರಿಗೆ ತೋರಿಸು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ.

ಫೋನು ಪೂರ್ತಿ ಬಿಡ್ತೀನಿ ಅನ್ನೋದು ಆಗಹೋಗದ ಮಾತು, ಆಫೀಸಿನ ಗ್ರೂಪೇ ನಾಲ್ಕಿವೆ ನಿನಗೆ. ರೀಲ್ಸ್ ನೋಡೋ ಆ್ಯಪ್ ತೆಗೆದುಹಾಕು, ಚಾರ್ಜರನ್ನ ಮಲಗೋ ಕೋಣೆಯಿಂದ ಆಚೆ ಇಡು. ಇಷ್ಟು ಮಾಡಿದ್ರೆ ಬೇಕಾದಷ್ಟಾಯ್ತು.

ಬಿಟ್ಟಿದ್ದರ ದುಡ್ಡು ಎಲ್ಲಿಗೆ ಹೋಗ್ಬೇಕು ಅಂತಲೂ ಈಗಲೇ ಗೊತ್ತಿರಲಿ. ಸಕ್ಕರೆಯಲ್ಲಿ ಉಳಿಯೋದು ಹೆಚ್ಚೇನಿಲ್ಲ. ಸಂಜೆ ಹೊರಗೆ ಕುಡಿಯೋ 15 ರೂಪಾಯಿಯ ಒಂದು ಕಾಫಿಯನ್ನೂ ಸೇರಿಸಿ ಬಿಟ್ರೆ 40 ದಿನಕ್ಕೆ 600 ರೂಪಾಯಿ. ಎಲ್ಲಾ ಫೋನಲ್ಲೇ ಕಟ್ಟೋದ್ರಿಂದ ಉಳಿದ ದುಡ್ಡು ಕಣ್ಣಿಗೇ ಕಾಣಲ್ಲ, ಕೊನೆಗೆ ಒಟ್ಟಿಗೆ ಕೊಡ್ತೀನಿ ಅಂದ್ರೆ ಕರಗಿಹೋಗಿರುತ್ತೆ. ಏಳು ಶುಕ್ರವಾರ ಇವೆ. ಪ್ರತಿ ಶುಕ್ರವಾರ ಆ ವಾರದ್ದನ್ನ ನೋಟು ಮಾಡಿಸಿ ಒಂದು ಕವರಿಗೆ ಹಾಕು. ನಮ್ಮ ಕಥೋಲಿಕ ಚರ್ಚಿನ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾದ ತಪಸ್ಸುಕಾಲದ ಅಭಿಯಾನಕ್ಕೆ ಚರ್ಚಲ್ಲಿ ಸಂಗ್ರಹ ಮಾಡಿದ್ರೆ ಅಲ್ಲಿಗೆ, ಇಲ್ಲಾಂದ್ರೆ ನಿಮ್ಮ ಬೀದೀಲೇ ಯಾರ ಮನೆಗೆ ಬೇಕು ಅಂತ ನಿನಗೇ ಗೊತ್ತು.

ಕೊನೆಗೆ ಮನೆಯವರ ವಿಚಾರ. ನಿನ್ನ ತಪಸ್ಸಿಗೋಸ್ಕರ ಅಮ್ಮ ಎರಡೆರಡು ಸಾರು ಕುದಿಸೋ ಹಾಗಾದ್ರೆ, ಕಾಫಿ ಇಲ್ಲದ ಸಿಟ್ಟು ಮಕ್ಕಳ ಮೇಲೆ ಹೋದ್ರೆ, ಬಿಟ್ಟಿದ್ದು ನೀನು, ಉಪವಾಸ ಬಿದ್ದಿದ್ದು ಅವರು. ಅಂಥದ್ದನ್ನ ಆರಿಸ್ಕೊಳ್ಳಲೇ ಬೇಡ.

ಅಂದಹಾಗೆ, ಹೋದ ವರ್ಷ ಗರಿಗಳ ಭಾನುವಾರ ಚರ್ಚಲ್ಲಿ ಕೊಟ್ಟ ಗರಿ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿದ್ದು ಹಾಗೇ ಒಣಗಿಕೊಂಡು ಇರಬೇಕು. ಅದನ್ನ ಸುಟ್ಟೇ ಹಣೆಗೆ ಬೂದಿ ಮಾಡೋದು. 15ರ ಭಾನುವಾರದ ಪೂಜೆಗೆ ಹೋಗುವಾಗ ಮರೀದೆ ತಗೊಂಡುಹೋಗಿ ಕೊಡು.

ನಿನ್ನ ಗೆಳೆಯ