ಹ್ಯಾಕಿಂಗ್ ಪಾಠದಲ್ಲಿ ಬಿಟ್ಟುಹೋದ ಅರ್ಧ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್, ಬಿಸಿಎ ಕಾಲೇಜುಗಳಲ್ಲಿ ‘ಎಥಿಕಲ್ ಹ್ಯಾಕಿಂಗ್’ ಕಾರ್ಯಾಗಾರಗಳು ಈಗ ಸಾಮಾನ್ಯ. ಎರಡು ದಿನ ನಾಲ್ಕಾರು ಟೂಲ್ ತೋರಿಸಿ, ಒಂದು ಪಾಸ್‌ವರ್ಡ್ ಒಡೆದು, ಪ್ರಮಾಣಪತ್ರ ಕೊಟ್ಟು ಕಳಿಸುವುದೇ ಹೆಚ್ಚು. ದಾಳಿ ಕಲಿಸುವುದು ತಪ್ಪಲ್ಲ, ಕಲಿಸಲೇಬೇಕು. ಆದರೆ ಅದೇ ದಾಳಿ ಕಾವಲಿಗೆ ಕೂತವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಯಾರೂ ತೋರಿಸುತ್ತಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವ ನಮಗೆ ದಿನವೂ ಬೇಕಾಗುವುದು ಆ ಇನ್ನರ್ಧವೇ.

ಇದಕ್ಕೆ ದುಬಾರಿ ಲ್ಯಾಬ್ ಬೇಡ. 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್, ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ನಡೆಸಬಲ್ಲ, ಉಚಿತವಾಗಿ ಸಿಗುವ ವರ್ಚುವಲ್‌ಬಾಕ್ಸ್ ಸಾಕು. ಒಳಗೆ ಮೂರು ಮಷೀನ್: ದಾಳಿಗೆ 2 ಜಿಬಿಯ ಕಾಲಿ ಲಿನಕ್ಸ್, ಕಲಿಯುವವರಿಗೆಂದೇ ತೂತುಗಳನ್ನು ಬಿಟ್ಟು ಮಾಡಿದ 512 ಎಂಬಿಯ ಮೆಟಾಸ್ಪ್ಲಾಯ್ಟಬಲ್ 2, ಕಾವಲು ಕಲಿಯಲು 2 ಜಿಬಿಯ ಉಬುಂಟು ಸರ್ವರ್. ಮೊದಲ ಎಡವಟ್ಟು ಆಗುವುದು ಇಲ್ಲೇ. ನೆಟ್‌ವರ್ಕ್ ಸೆಟ್ಟಿಂಗ್ ‘ಬ್ರಿಡ್ಜ್ಡ್’ ಆಗಿದ್ದರೆ ತೂತಿನ ಮಷೀನ್ ನೇರ ಕಾಲೇಜಿನ ಜಾಲಕ್ಕೆ ಬಂದು ಕೂರುತ್ತದೆ. ಹುಡುಗರ ಸ್ಕ್ಯಾನ್ ಕಚೇರಿಯ ಸರ್ವರಿಗೂ ತಗಲುತ್ತದೆ. ಮೂರನ್ನೂ ‘ಇಂಟರ್ನಲ್ ನೆಟ್‌ವರ್ಕ್’ನಲ್ಲೇ ಇಡಬೇಕು. ಅಲ್ಲಿ ಐಪಿ (ಜಾಲದಲ್ಲಿ ಮಷೀನಿನ ವಿಳಾಸ) ತಾನಾಗಿ ಸಿಗುವುದಿಲ್ಲ, ಕೈಯಿಂದಲೇ ಕೊಡಬೇಕು. ಬೇಕಾದ ಟೂಲ್‌ಗಳನ್ನು ಮೊದಲೇ ಹಾಕಿಕೊಂಡು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಕೆಟ್ಟಾಗ ಎರಡು ನಿಮಿಷದಲ್ಲಿ ಮೊದಲಿನ ಸ್ಥಿತಿಗೆ ತರಬಹುದು.

ಉಬುಂಟುವಿನಲ್ಲಿ ಜಾಲದ ಸಂಚಾರವನ್ನು ಕಡತದಲ್ಲಿ ಹಿಡಿದಿಡುವ ಟಿಸಿಪಿಡಂಪ್ ಓಡಿಸಿಟ್ಟು, ಕಾಲಿಯಿಂದ ಉಬುಂಟುವಿನ ಮೇಲೆ ಎನ್‌ಮ್ಯಾಪ್ ಸ್ಕ್ಯಾನ್ ಬಿಡಿ. ಬೇರೇನೂ ಹೇಳದಿದ್ದರೆ ಅದು 1000 ಪೋರ್ಟ್‌ಗಳ ಬಾಗಿಲು ತಟ್ಟುತ್ತದೆ. ದೂರದಿಂದ ಲಾಗಿನ್ ಆಗುವ ಸೇವೆಯಾದ ಎಸ್‌ಎಸ್‌ಎಚ್‌ನ ಲಾಗ್ (ದಾಖಲೆ) ತೆರೆದರೆ ಒಂದು ಸಾಲೂ ಇರುವುದಿಲ್ಲ! ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಮಾಡಿದ ಸ್ಕ್ಯಾನ್, ಸಂಪರ್ಕ ಕೋರುವ ಮೊದಲ ಸಂದೇಶವಾದ ಸಿನ್ ಕಳಿಸಿ, ಉತ್ತರ ಬಂದೊಡನೆ ಸಂಪರ್ಕ ಕಡಿದುಬಿಡುತ್ತದೆ. ಸಂಪರ್ಕ ಪೂರ್ಣವಾಗದ ಕಾರಣ ಎಸ್‌ಎಸ್‌ಎಚ್‌ಗೆ ಯಾರೋ ಬಂದದ್ದೇ ತಿಳಿಯದು. ಟಿಸಿಪಿಡಂಪ್ ಹಿಡಿದಿಟ್ಟ ಕ್ಯಾಪ್ಚರ್ ಕಡತವನ್ನು ವೈರ್‌ಶಾರ್ಕ್‌ನಲ್ಲಿ ತೆರೆದರೆ ಒಂದೇ ಐಪಿಯಿಂದ ಸಾಲುಸಾಲು ಸಿನ್ ಕಾಣುತ್ತವೆ. ಫೈರ್‌ವಾಲ್ ಲಾಗ್ ಅಥವಾ ಇಂಥ ಕ್ಯಾಪ್ಚರ್ ಇಲ್ಲದೆ ಈ ಸ್ಕ್ಯಾನ್ ಹಿಡಿಯಲಾಗದು ಎಂಬುದು ಹೀಗೆ ಕಣ್ಣಾರೆ ಕಂಡಾಗಲೇ ಮನಸ್ಸಿಗಿಳಿಯುತ್ತದೆ.

ನಂತರ ಹೈಡ್ರಾ ಟೂಲ್‌ನಿಂದ ಪಾಸ್‌ವರ್ಡ್ ಊಹಿಸುವ ದಾಳಿ. ಈಗ ಲಾಗಿನ್ ಪ್ರಯತ್ನಗಳು ದಾಖಲಾಗುವ ಆಥ್ ಲಾಗ್‌ನಲ್ಲಿ ‘ಫೇಲ್ಡ್ ಪಾಸ್‌ವರ್ಡ್’ ಸಾಲುಗಳು ಸುರಿಯುತ್ತವೆ. ಅವುಗಳ ನಡುವೆ ಎಲ್ಲೋ ಒಂದು ‘ಆಕ್ಸೆಪ್ಟೆಡ್ ಪಾಸ್‌ವರ್ಡ್’ ಇದ್ದರೆ ಮನೆ ಹೊಕ್ಕಾಯಿತು. ಹುಡುಕಬೇಕಾದದ್ದು ಆ ಸಾಲನ್ನು. ಪದೇಪದೇ ತಪ್ಪುವ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕಿದರೆ ದಾಳಿ ನಿಲ್ಲುತ್ತದೆ ಎಂದು ಹೇಳಿ ಪಾಠ ಮುಗಿಸುವವರೇ ಬಹಳ. ಅದರ ಮೂಲ ಸೆಟ್ಟಿಂಗ್ ಪ್ರಕಾರ 10 ನಿಮಿಷದೊಳಗೆ 5 ಸಲ ತಪ್ಪಿದರೆ ಮಾತ್ರ ತಡೆ. ಕಾಲು ಗಂಟೆಗೊಂದು ಪಾಸ್‌ವರ್ಡ್ ಪ್ರಯತ್ನಿಸುವವನನ್ನು ಅದು ಕಾಣುವುದೇ ಇಲ್ಲ. ಈ ನಿಧಾನದ ದಾಳಿಯನ್ನೂ ಮಾಡಿಸಬೇಕು. ಸರಿಯಾದ ಮದ್ದು ಪಾಸ್‌ವರ್ಡ್ ಲಾಗಿನ್ ತೆಗೆದು ಕೀಲಿ ಲಾಗಿನ್ (ಪಾಸ್‌ವರ್ಡ್ ಬದಲು ಕೀಲಿ ಕಡತದಿಂದ ಒಳಬರುವುದು) ಮಾತ್ರ ಇಡುವುದು. ಹಾಗೆ ಮಾಡುವಾಗ ತೆರೆದಿರುವ ಸೆಷನ್ ಮುಚ್ಚದೆ, ಇನ್ನೊಂದು ಕಿಟಕಿಯಿಂದ ಕೀಲಿ ಕೆಲಸ ಮಾಡುತ್ತದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ನಮ್ಮ ಸರ್ವರಿನಿಂದ ನಾವೇ ಹೊರಗೆ.

ಮೆಟಾಸ್ಪ್ಲಾಯ್ಟಬಲ್‌ನಲ್ಲಿರುವ, ಕಡತ ವರ್ಗಾವಣೆಯ ತಂತ್ರಾಂಶ ವಿಎಸ್‌ಎಫ್‌ಟಿಪಿಡಿ 2.3.4 ಕೂಡ ಒಳ್ಳೆಯ ಪಾಠ. 2011ರಲ್ಲಿ ಅದರ ಡೌನ್‌ಲೋಡ್ ಕಡತದೊಳಗೇ ಯಾರೋ ಹಿಂಬಾಗಿಲು ಇಟ್ಟಿದ್ದರು. ಬಳಕೆದಾರರ ಹೆಸರಿನಲ್ಲಿ ನಗುಮುಖದ ಚಿಹ್ನೆ ಸೇರಿಸಿದರೆ 6200ನೇ ಪೋರ್ಟ್ ತೆರೆದುಕೊಳ್ಳುತ್ತದೆ. ಫೈರ್‌ವಾಲ್‌ನಲ್ಲಿ ಕಡತ ವರ್ಗಾವಣೆಯ 21ನೇ ಪೋರ್ಟ್ ಬಿಟ್ಟು ಉಳಿದೆಲ್ಲ ಮುಚ್ಚಿ ಮತ್ತೆ ಪ್ರಯತ್ನಿಸಲಿ. ತೂತು ಹಾಗೇ ಇದ್ದರೂ ಕಳ್ಳನ ಕೈ 6200ಕ್ಕೆ ತಲುಪುವುದಿಲ್ಲ.

ಎಆರ್‌ಪಿ ಮೋಸದ ದಾಳಿ (ಬೇರೆ ಯಂತ್ರದ ಐಪಿ ತನ್ನದೆಂದು ಸುಳ್ಳು ಹೇಳಿ ಸಂಚಾರವನ್ನು ತನ್ನತ್ತ ತಿರುಗಿಸುವುದು) ತಡೆಯಲು ಸ್ವಿಚ್‌ನಲ್ಲಿ ಡೈನಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಇರುತ್ತದೆ. ಅದು ನಂಬುವುದು ಡಿಎಚ್‌ಸಿಪಿ ಸ್ನೂಪಿಂಗ್ ಪಟ್ಟಿಯನ್ನು, ಅಂದರೆ ತಾನಾಗಿ ಐಪಿ ಪಡೆದ ಯಂತ್ರಗಳ ಪಟ್ಟಿಯನ್ನು. ಕೈಯಿಂದ ಐಪಿ ಕೊಟ್ಟ ಪ್ರಿಂಟರುಗಳು ಆ ಪಟ್ಟಿಯಲ್ಲಿರುವುದಿಲ್ಲ. ಅವನ್ನು ಮೊದಲೇ ಸೇರಿಸದೆ ಆನ್ ಮಾಡಿದರೆ ಪ್ರಿಂಟರ್‌ಗಳೆಲ್ಲ ಕೈಕೊಡುತ್ತವೆ, ಸಂಜೆಯೊಳಗೆ ಯಾರೋ ರಕ್ಷಣೆಯನ್ನೇ ಆಫ್ ಮಾಡಿಸುತ್ತಾರೆ.

ಗಡಿಯಾರದ ಮಾತು ಸಣ್ಣದಲ್ಲ. ಉಬುಂಟು ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ) ಬರೆಯುತ್ತದೆ. ಅದರ ಲಾಗ್‌ನಲ್ಲಿ 20.30 ಎಂದಿದ್ದರೆ ನಮಗೆ ನಡುರಾತ್ರಿ ಕಳೆದು 2 ಗಂಟೆ. ಇದನ್ನು ಗಮನಿಸದೆ ವಿಂಡೋಸ್ ಲಾಗ್ ಜೊತೆ ಹೋಲಿಸಿದರೆ ಘಟನೆಗಳ ಕ್ರಮವೇ ತಲೆಕೆಳಗು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಲಾಗ್ ಓದಿ ರೂಢಿಯಿಲ್ಲದವರು ಆ 6 ಗಂಟೆಯಲ್ಲಿ ಏನು ಬರೆದಾರು?

ಇದೆಲ್ಲ ಲ್ಯಾಬಿನ ಗೋಡೆಯೊಳಗೆ. ಒಡೆಯರ ಅನುಮತಿಯಿಲ್ಲದೆ ಬೇರೆ ಕಂಪ್ಯೂಟರಿಗೆ ನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ನಡಿ ಪರಿಹಾರ ತೆರಬೇಕು. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶವಿದ್ದರೆ 66ನೇ ಸೆಕ್ಷನ್‌ನಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೊದಲ ತರಗತಿಯಲ್ಲೇ ಇದನ್ನು ಹೇಳಬೇಕು.

ವಿಶ್ವವಿದ್ಯಾಲಯಗಳಲ್ಲಿ ನಮ್ಮ ಕೋರಿಕೆ ಇಷ್ಟು. ಪ್ರಾಯೋಗಿಕ ಪರೀಕ್ಷೆಯಲ್ಲಿ ಟೂಲ್ ಓಡಿಸಿದ್ದಕ್ಕೆ ಕೊಡುವಷ್ಟೇ ಅಂಕ ಲಾಗ್ ಓದುವುದಕ್ಕೂ ಇರಲಿ. ಒಂದು ಲಾಗ್ ಕಡತ ಕೈಗಿಟ್ಟು, ಯಾವ ಖಾತೆಯಿಂದ, ಎಷ್ಟು ಹೊತ್ತಿಗೆ ಒಳಬಂದರು, ಮೊದಲು ಯಾವ ಬಾಗಿಲು ಮುಚ್ಚುತ್ತೀರಿ ಎಂದು ಕೇಳಲಿ.

— ಕೆಲವು ನೆಟ್‌ವರ್ಕ್ ನಿರ್ವಾಹಕರು, ಬೆಂಗಳೂರು