ಪನಾಮಾದಿಂದ ಅಪ್ಪಯ್ಯನಿಗೆ

ಪನಾಮಾ ನಗರ
21 ಡಿಸೆಂಬರ್ 2025, ಭಾನುವಾರ

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ತಂಗಿ ತಿಳಿಸಿದಳು, ನೆಮ್ಮದಿಯಾಯಿತು.

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ "ಅದೆಲ್ಲ ಇಲ್ಲಿಂದ ದೂರ, ಅಪ್ಪಯ್ಯ" ಎಂದು ಹೇಳಿ ಮಾತು ತಿರುಗಿಸಿಬಿಟ್ಟೆ. ಅಮ್ಮ ಪಕ್ಕದಲ್ಲೇ ಕುಳಿತಿದ್ದಾಳೆ ಎಂದು ಗೊತ್ತಿತ್ತು. ಆದರೆ ಫೋನ್ ಇಟ್ಟ ಮೇಲೆ ಮನಸ್ಸು ತಡೆಯಲಿಲ್ಲ. ಉಳಿದವರೆಲ್ಲ "ನೀನಿರುವ ಕಡೆ ಯುದ್ಧವಾಗುತ್ತದೆಯೇ?" ಎಂದು ಕೇಳಿದರು. ನೀವೊಬ್ಬರೇ "ಅಮೆರಿಕದವರು ದೋಣಿ ಹತ್ತಿ ನೋಡದೆ ಹೊಡೆಯುತ್ತಾರಂತೆ, ಹೌದೇ?" ಎಂದು ಕೇಳಿದಿರಿ. ನಲವತ್ತು ವರ್ಷ ಗಂಗೊಳ್ಳಿಯ ಅಳಿವೆ ದಾಟಿ ಕಡಲಿಗೆ ಹೋದವರಿಗೆ ಮೊದಲು ಹೊಳೆಯುವುದು ಅದೇ. ಅದಕ್ಕೆ ಸರಿಯಾದ ಉತ್ತರ ಬರೆಯಬೇಕು ಎನಿಸಿತು.

ಹೌದು ಅಪ್ಪಯ್ಯ, ಹೊಡೆಯುತ್ತಾರೆ. ಸೆಪ್ಟೆಂಬರ್ 2ರಂದು ವೆನೆಜುವೆಲಾದ ಕಡೆಯಿಂದ ಹೊರಟ ಒಂದು ವೇಗದ ದೋಣಿಯನ್ನು ಅಮೆರಿಕದ ಸೇನೆ ಆಕಾಶದಿಂದ ಹೊಡೆದು ಮುಳುಗಿಸಿತು. ಅದರಲ್ಲಿದ್ದ 11 ಜನರೂ ಸತ್ತರು. ಮಾದಕ ವಸ್ತು ಸಾಗಿಸುತ್ತಿದ್ದ ಭಯೋತ್ಪಾದಕರು ಎಂದು ಅಧ್ಯಕ್ಷ ಟ್ರಂಪ್ ಅವರೇ ವಿಡಿಯೊ ಸಮೇತ ಜಗತ್ತಿಗೆ ತಿಳಿಸಿದರು. ಮೊದಲ ಏಟಿನ ನಂತರ ಇಬ್ಬರು ಮುರಿದ ದೋಣಿಯ ತುಂಡನ್ನು ಹಿಡಿದು ನೀರಿನಲ್ಲಿ ತೇಲುತ್ತಿದ್ದರಂತೆ. ಎರಡನೇ ಏಟಿಗೆ ಅವರೂ ಹೋದರು. ಇದು ಹೊರಬಂದದ್ದು ನವೆಂಬರ್ ಕೊನೆಯಲ್ಲಿ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಐದನೇ ತರಗತಿಯಲ್ಲಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿನಲ್ಲಿ, ಮಗುಚಿದ ದೋಣಿಯ ಅಡಿಪಟ್ಟಿ ಹಿಡಿದುಕೊಂಡಿದ್ದ ಒಬ್ಬನನ್ನು ನೀವು ಎಳೆದು ತಂದು ನಮ್ಮ ಜಗಲಿಯಲ್ಲಿ ಮಲಗಿಸಿದ್ದಿರಿ. ಅವನು ಯಾವ ಊರಿನವನು, ಯಾವ ಜಾತಿಯವನು, ಯಾರ ಬಲೆ ಕದ್ದವನು ಎಂದು ಅಮ್ಮ ಕೇಳಲಿಲ್ಲ, ಗಂಜಿ ಕಾಯಿಸಿ ಕೊಟ್ಟಳು. ನೀರಿಗೆ ಬಿದ್ದವನನ್ನು ಎತ್ತಬೇಕು ಎಂಬುದನ್ನು ನಾನು ಕಲಿತದ್ದು ಆ ಜಗಲಿಯಲ್ಲಿ.

ಅಲ್ಲಿಂದ ಇಲ್ಲಿಯವರೆಗೆ ಕೆರಿಬಿಯನ್ ಕಡಲಿನಲ್ಲೂ ಶಾಂತಸಾಗರದಲ್ಲೂ ಸತ್ತವರ ಸಂಖ್ಯೆ ನೂರರ ಆಸುಪಾಸಿಗೆ ಬಂದಿದೆ. ಜಗತ್ತಿನ ಅತಿ ದೊಡ್ಡ ವಿಮಾನವಾಹಕ ಯುದ್ಧನೌಕೆ ಜೆರಾಲ್ಡ್ ಫೋರ್ಡ್ ನವೆಂಬರ್‌ನಲ್ಲಿ ಈ ಕಡೆಗೆ ಬಂದು ನಿಂತಿದೆ. ವೆನೆಜುವೆಲಾದ ಅಧ್ಯಕ್ಷ ಮಡುರೊ ಅವರನ್ನು ಹಿಡಿಯಲು ನೆರವಾಗುವವರಿಗೆ ಘೋಷಿಸಿದ್ದ ಬಹುಮಾನವನ್ನು ಆಗಸ್ಟ್‌ನಲ್ಲಿ 5 ಕೋಟಿ ಡಾಲರ್‌ಗೆ ಏರಿಸಿದರು. ಸತ್ತವರಲ್ಲಿ ಒಬ್ಬ ತಮ್ಮ ದೇಶದ ಮೀನುಗಾರ ಎಂದು ಕೊಲಂಬಿಯಾದ ಅಧ್ಯಕ್ಷ ಪೆಟ್ರೊ ಬಹಿರಂಗವಾಗಿ ಆರೋಪಿಸಿದ್ದಾರೆ. ಟ್ರಿನಿಡಾಡ್‌ನ ಲಾಸ್ ಕ್ವೇವಾಸ್ ಎಂಬ ಮೀನುಗಾರರ ಹಳ್ಳಿಯ ಮನೆಗಳಲ್ಲೂ ಅಳು ಕೇಳಿಸಿದೆ. ಅವರೆಲ್ಲ ನಿರಪರಾಧಿಗಳು ಎಂದು ನಾನು ಹೇಳುತ್ತಿಲ್ಲ. ಮಾಲು ಸಾಗಿಸುವ ದೋಣಿಗಳು ಈ ನೀರಿನಲ್ಲಿ ಖಂಡಿತ ಇವೆ. ಆದರೆ ಇಷ್ಟು ವರ್ಷ ಅಮೆರಿಕದ್ದೇ ಕರಾವಳಿ ಕಾವಲು ಪಡೆ ಅಂಥ ದೋಣಿಗಳನ್ನು ತಡೆದು, ಹತ್ತಿ, ಶೋಧಿಸಿ, ಜನರನ್ನು ಹಿಡಿದು ನ್ಯಾಯಾಲಯಕ್ಕೆ ಒಪ್ಪಿಸುತ್ತಿತ್ತು. ಆಗ ಮಾಲು ಸಾಕ್ಷಿಯಾಗಿ ಉಳಿಯುತ್ತಿತ್ತು, ಮನುಷ್ಯರು ಬದುಕಿರುತ್ತಿದ್ದರು. ಈಗ ಎರಡೂ ಕಡಲಿನ ತಳ ಸೇರುತ್ತಿವೆ.

2008ರ ಮುಂಬೈ ದಾಳಿಯ ಕಾಲ ನಿಮಗೆ ನೆನಪಿರಬೇಕು. ದಾಳಿಕೋರರು ಗುಜರಾತಿನ ಒಂದು ಮೀನುಗಾರಿಕಾ ದೋಣಿಯನ್ನು ವಶಪಡಿಸಿಕೊಂಡು ಅದರಲ್ಲೇ ಬಂದಿದ್ದರು. ಆಮೇಲೆ ನಮ್ಮ ಕರಾವಳಿಯ ದೋಣಿಯವರ ಮೇಲೆಲ್ಲ ಅನುಮಾನದ ಕಣ್ಣು ಬಿತ್ತು. ನಿಮ್ಮ ಕಾರ್ಡು ತೋರಿಸಿ, ಮೀನಿನ ಪೆಟ್ಟಿಗೆ ತೆರೆದು ತೋರಿಸಿ, ಅರ್ಧ ದಿನ ಹಾಳಾಯಿತೆಂದು ಬೈಯುತ್ತಾ ನೀವು ಮನೆಗೆ ಬರುತ್ತಿದ್ದಿರಿ. ಆ ಬೈಗುಳ ನನಗೆ ಈಗ ಎಷ್ಟು ಹಿತವೆನಿಸುತ್ತಿದೆ! ಹತ್ತಿ ನೋಡಿದರು, ಆದ್ದರಿಂದ ನೀವು ಬೈಯಲು ಮನೆಗೆ ಬಂದಿರಿ.

ಇದನ್ನೆಲ್ಲ ಇವತ್ತೇ ಬರೆಯಲು ಇನ್ನೊಂದು ಕಾರಣವಿದೆ. ನಿನ್ನೆ, ಡಿಸೆಂಬರ್ 20, ಇಲ್ಲಿ ರಾಷ್ಟ್ರೀಯ ಶೋಕದಿನವಾಗಿತ್ತು. 36 ವರ್ಷಗಳ ಹಿಂದೆ, 1989ರಲ್ಲಿ, ಅದೇ ದಿನ ನಡುರಾತ್ರಿ ಕಳೆದ ಹೊತ್ತಿಗೆ ಅಮೆರಿಕ ಈ ಪುಟ್ಟ ದೇಶದ ಮೇಲೆ ಸುಮಾರು 27,000 ಸೈನಿಕರೊಂದಿಗೆ ದಾಳಿ ಮಾಡಿತು. ಆಗಲೂ ಹೇಳಿದ ಮುಖ್ಯ ಕಾರಣಗಳಲ್ಲಿ ಒಂದು ಮಾದಕ ವಸ್ತುವೇ. ಇಲ್ಲಿನ ಸೇನಾ ಸರ್ವಾಧಿಕಾರಿ ಮಾನ್ಯುಯೆಲ್ ನೊರಿಯೆಗಾ ಮೇಲೆ ಫ್ಲೋರಿಡಾದಲ್ಲಿ 1988ರಲ್ಲೇ ಕೊಕೇನ್ ಸಾಗಾಟದ ಆರೋಪ ಹೊರಿಸಲಾಗಿತ್ತು.

ನಮ್ಮ ಮನೆಯೊಡತಿಗೆ ಆಗ ಹನ್ನೊಂದು ವರ್ಷ. ಎಲ್ ಚೊರಿಯೊ ಎಂಬ ಕೇರಿಯಲ್ಲಿ ಅವರ ಮನೆ. ಪನಾಮಾ ಕಾಲುವೆ ತೋಡಲು ಬಾರ್ಬಡೋಸ್‌ನಿಂದ ಬಂದ ಕೂಲಿಗಳಲ್ಲಿ ಅವರ ಮುತ್ತಜ್ಜನೂ ಒಬ್ಬ. ಆ ಕೂಲಿಗಳಿಗೆಂದೇ ಕಟ್ಟಿದ್ದ ಹಳೆಯ ಮರದ ಮನೆಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ನೊರಿಯೆಗಾನ ಸೇನಾ ಕೇಂದ್ರ ಇದ್ದದ್ದೂ ಅದೇ ಕೇರಿಯ ನಡುವೆ. ಅದಕ್ಕೆ ಗುರಿಯಿಟ್ಟದ್ದು ಇಡೀ ಕೇರಿಯನ್ನು ಸುಟ್ಟಿತು. ಅವರ ಅಮ್ಮ ಒಂದು ಕೈಯಲ್ಲಿ ತಮ್ಮನನ್ನೂ ಇನ್ನೊಂದು ಕೈಯಲ್ಲಿ ಹೊಲಿಗೆಯಂತ್ರದ ತಲೆಯನ್ನೂ ಹಿಡಿದು ಓಡಿದರಂತೆ. ಕೆಲವು ರಾತ್ರಿ ಬಾಲ್ಬೋವಾ ಶಾಲೆಯ ಅಂಗಳದಲ್ಲಿ, ಆಮೇಲೆ ತಿಂಗಳುಗಟ್ಟಲೆ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ ಬಟ್ಟೆಯ ಮರೆ ಕಟ್ಟಿಕೊಂಡು ಬದುಕಿದರು. ಅವರ ಚಿಕ್ಕಪ್ಪ ಸಿಗಲೇ ಇಲ್ಲ. ನಿನ್ನೆ ನಾನೂ ಅವರ ಜೊತೆ ಹಾರ್ದಿನ್ ದೆ ಪಾಸ್ ಸ್ಮಶಾನಕ್ಕೆ ಹೋಗಿದ್ದೆ. ಗುರುತು ಸಿಗದವರನ್ನು ಒಟ್ಟಿಗೆ ಹೂಳಿದ್ದ ಜಾಗ ಅದು. 2020ರಲ್ಲಿ ಅಲ್ಲಿ ಅಗೆದು ಎಲುಬುಗಳನ್ನು ಹೊರತೆಗೆಯಲು ಆರಂಭಿಸಿದರು. ಅಮೆರಿಕದ ಸೇನೆಯ ಲೆಕ್ಕದಲ್ಲಿ ಸತ್ತ ನಾಗರಿಕರು 202 ಮಂದಿ, ಇಲ್ಲಿನವರು ಹೇಳುವ ಲೆಕ್ಕ ಅದರ ಎಷ್ಟೋ ಪಟ್ಟು. ಮನೆಯೊಡತಿ ಲೆಕ್ಕದ ಮಾತೇ ಎತ್ತಲಿಲ್ಲ. ತಂದಿದ್ದ ಹೂಗಳನ್ನು ಒಂದೊಂದಾಗಿ, ಚಿಕ್ಕಪ್ಪ ಎಲ್ಲಿದ್ದಾನೋ ಎಂಬಂತೆ, ಬೇರೆ ಬೇರೆ ಕಡೆ ಇಟ್ಟರು.

ನೊರಿಯೆಗಾ ಒಳ್ಳೆಯವನಾಗಿರಲಿಲ್ಲ. 1989ರ ಮೇ ತಿಂಗಳಿನ ಚುನಾವಣೆಯಲ್ಲಿ ತನ್ನ ಕಡೆಯ ಅಭ್ಯರ್ಥಿ ಸೋತಾಗ ಫಲಿತಾಂಶವನ್ನೇ ರದ್ದು ಮಾಡಿಸಿದ. ಅವನನ್ನು ಎದುರಿಸಿದ ಹ್ಯೂಗೊ ಸ್ಪಾಡಾಫೊರಾ ಎಂಬ ವೈದ್ಯನ ತಲೆಯಿಲ್ಲದ ದೇಹ 1985ರಲ್ಲಿ ಸಿಕ್ಕಿತ್ತು. ಅಮೆರಿಕದ ಸೈನಿಕರಿಗೆ ಕೈಬೀಸಿ ಸ್ವಾಗತ ಕೋರಿದ ಪನಾಮಾದವರು ಬಹಳ ಜನ. ನಮ್ಮ ಕಚೇರಿಯ ಹಿರಿಯರೊಬ್ಬರು ಇವತ್ತಿಗೂ "ಅವರು ಬರದಿದ್ದರೆ ನಾವು ಬದುಕುತ್ತಿರಲಿಲ್ಲ" ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಹಕ್ಕಿಲ್ಲ. ಆದರೆ ಅದೇ ನೊರಿಯೆಗಾ ವರ್ಷಗಟ್ಟಲೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ ಹಣ ಪಡೆಯುತ್ತಿದ್ದವನು. ಅವನ ಕೈ ಹೊಲಸಾಗಿದ್ದುದು ಅವರಿಗೆ ಆಗ ಗೊತ್ತಿರಲಿಲ್ಲ ಎಂದು ಹೇಗೆ ನಂಬಲಿ? ಹೇಳಿದಂತೆ ಕೇಳುವಷ್ಟು ದಿನ ಗೆಳೆಯ, ತಿರುಗಿಬಿದ್ದ ದಿನದಿಂದ ಕಳ್ಳಸಾಗಣೆದಾರ. ಅವನ ಅಡಗುದಾಣದಲ್ಲಿ 50 ಕಿಲೊ ಕೊಕೇನ್ ಸಿಕ್ಕಿತೆಂದು ದಾಳಿಯ ದಿನಗಳಲ್ಲಿ ದೊಡ್ಡ ಪ್ರಚಾರ ಕೊಟ್ಟರು. ಪರೀಕ್ಷಿಸಿದಾಗ ಅದು ತಮಾಲೆ ಎಂಬ ಜೋಳದ ತಿನಿಸಿನ ಹಿಟ್ಟು. ನಾವು ಹಲಸಿನ ಎಲೆಯಲ್ಲಿ ಕಡುಬು ಕಟ್ಟುವಂತೆ ಇಲ್ಲಿನವರು ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ, ಕ್ರಿಸ್‌ಮಸ್‌ಗೆ ಮನೆಮನೆಯಲ್ಲೂ ಆಗುತ್ತದೆ. ಸುಳ್ಳಿಗೆ ಸಿಕ್ಕಷ್ಟು ಪ್ರಚಾರ ತಿದ್ದುಪಡಿಗೆ ಎಲ್ಲಿ ಸಿಗುತ್ತದೆ?

1990ರ ಜನವರಿ 3ರಂದು ನೊರಿಯೆಗಾ ಶರಣಾದ. ಮಿಯಾಮಿಯಲ್ಲಿ ಅವನಿಗೆ 40 ವರ್ಷ ಶಿಕ್ಷೆಯಾಯಿತು. ಕೊಕೇನ್ ನಿಂತಿತೇ? ಅದನ್ನು ನನ್ನ ಕೆಲಸವೇ ದಿನವೂ ಹೇಳುತ್ತದೆ. ಇಲ್ಲಿನ ಪೊಲೀಸರು ಇಂದಿಗೂ ವರ್ಷಕ್ಕೆ ಹತ್ತಾರು ಟನ್ ಹಿಡಿಯುತ್ತಾರೆ. ಬಂದರಿಗೆ ಬರುವ ಹಡಗುಗಳ ಕಾಗದಪತ್ರ ನೋಡುವುದು ನನ್ನ ಕೆಲಸವಷ್ಟೇ. ಕಂಟೇನರ್‌ನ ಸೀಲ್ ನಂಬರ್ ತಾಳೆಯಾಗದಿದ್ದರೆ ಎದೆ ಧಸಕ್ಕೆನ್ನುತ್ತದೆ. ಬಾಳೆಹಣ್ಣಿನ ಪೆಟ್ಟಿಗೆಗಳ ನಡುವೆ ಮಾಲು ತುರುಕಿರುತ್ತಾರೆ. ಕೆಲವೊಮ್ಮೆ ಹಡಗಿನ ತಳಕ್ಕೇ ಕಟ್ಟಿರುತ್ತಾರೆ, ಮುಳುಗುಗಾರರನ್ನು ಇಳಿಸಿ ನೋಡಿಸಬೇಕು. ಕೊಕೇನ್ ತಯಾರಿಸುವ ಕೋಕಾ ಗಿಡ ಬೆಳೆಯುವುದು ಕೊಲಂಬಿಯಾ, ಪೆರು, ಬೊಲಿವಿಯಾಗಳಲ್ಲಿ. ವೆನೆಜುವೆಲಾ ಮುಖ್ಯವಾಗಿ ಹಾದುಹೋಗುವ ದಾರಿ. ಅಮೆರಿಕದ ಮಕ್ಕಳನ್ನು ಹೆಚ್ಚಾಗಿ ಕೊಲ್ಲುತ್ತಿರುವ ಫೆಂಟನಿಲ್ ಎಂಬ ಮಾದಕ ವಸ್ತು ಮುಖ್ಯವಾಗಿ ತಯಾರಾಗುವುದು ಮೆಕ್ಸಿಕೊದಲ್ಲಿ. ಆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಸಂಕಟ ನಿಜವಾದದ್ದು, ಅದನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಅವರ ಹೆಸರು ಹೇಳಿ ಇನ್ನೆಲ್ಲಿಯೋ ಗುಂಡು ಹಾರಿಸುವುದು ನನಗೆ ಸಹಿಸಲಾಗುತ್ತಿಲ್ಲ.

ಇದೇ ಡಿಸೆಂಬರ್ ಆರಂಭದಲ್ಲಿ ಇನ್ನೊಂದು ಆಯಿತು. ಹೊಂಡುರಾಸ್‌ನ ಮಾಜಿ ಅಧ್ಯಕ್ಷ ಹುವಾನ್ ಒರ್ಲಾಂಡೊ ಹೆರ್ನಾಂಡೆಸ್ ಕೊಕೇನ್ ಸಾಗಾಟದ ಅಪರಾಧಕ್ಕೆ ನ್ಯೂಯಾರ್ಕ್ ನ್ಯಾಯಾಲಯದಿಂದ 45 ವರ್ಷ ಶಿಕ್ಷೆ ಪಡೆದು ಜೈಲಿನಲ್ಲಿದ್ದರು. ವಿಚಾರಣೆ ನಡೆದು, ಸಾಕ್ಷಿ ಕೇಳಿ, ತೀರ್ಪು ಬಂದ ಪ್ರಕರಣ. ಅವರಿಗೆ ಟ್ರಂಪ್ ಕ್ಷಮಾದಾನ ಕೊಟ್ಟು ಹೊರಗೆ ಬಿಟ್ಟರು. ಅರಮನೆಯಲ್ಲಿ ಕುಳಿತು ಮಾಡಿದವನಿಗೆ ಕ್ಷಮೆ, ದೋಣಿಯಲ್ಲಿದ್ದವನಿಗೆ ಹೆಸರು ಕೇಳುವ ಮೊದಲೇ ಮರಣ. ನೀವು ಕೇಳಿದ ಪ್ರಶ್ನೆಗೆ ಇಡೀ ಉತ್ತರ ನನಗೆ ಕಂಡದ್ದು ಅಲ್ಲಿ.

ಈಗ ತೈಲದ ಹಡಗುಗಳನ್ನೂ ತಡೆಯಲು ಆರಂಭಿಸಿದ್ದಾರೆ. ಡಿಸೆಂಬರ್ 10ರಂದು ವೆನೆಜುವೆಲಾದ ಹತ್ತಿರ ಒಂದನ್ನು ವಶಪಡಿಸಿಕೊಂಡರು. ಭೂಮಿಯ ಮೇಲೆ ಎಲ್ಲರಿಗಿಂತ ಹೆಚ್ಚು ತೈಲ ನಿಕ್ಷೇಪ ಇರುವುದು ಆ ದೇಶದಲ್ಲೇ. ಮಾತು ಕೊಕೇನ್‌ನಿಂದ ತೈಲಕ್ಕೆ ಎಷ್ಟು ಬೇಗ ಹೊರಳಿತು ನೋಡಿ.

ನಮ್ಮ ಕಚೇರಿಯ ಕೆಳಗೆ ಕಾಫಿ ಮಾರುವ ಹುಡುಗ ವೆನೆಜುವೆಲಾದವನು. ಹಸಿವಿಗೂ ಭಯಕ್ಕೂ ಊರು ಬಿಟ್ಟು ಹೋದ ಸುಮಾರು 80 ಲಕ್ಷ ಜನರಲ್ಲಿ ಒಬ್ಬ. ಮಡುರೊ ಹೆಸರು ಕೇಳಿದರೆ ಅವನ ಮುಖ ಕೆಂಪಾಗುತ್ತದೆ. 2024ರ ಚುನಾವಣೆಯನ್ನು ಕದ್ದರು ಎಂದು ಬೆರಳು ಮಡಚಿ ಲೆಕ್ಕ ಹೇಳುತ್ತಾನೆ. ಅಮೆರಿಕ ಬಂದು ಅವರನ್ನು ಎಳೆದೊಯ್ಯಲಿ ಎಂದು ಹೋದ ತಿಂಗಳು ಹೇಳುತ್ತಿದ್ದ. ಮೊನ್ನೆ ಲೋಟ ಕೊಡುವಾಗ ಸುಮ್ಮನಿದ್ದ. ಅವನ ಅಣ್ಣ ವೆನೆಜುವೆಲಾದ ಸುಕ್ರೆ ಎಂಬ ಕರಾವಳಿಯಲ್ಲಿ ಮೀನು ಹಿಡಿಯುವವನು, ಈಗ ವಾರಗಳಿಂದ ದೋಣಿ ನೀರಿಗಿಳಿಸಿಲ್ಲವಂತೆ. ಮೇಲೆ ಸದ್ದಾದರೆ ಮಕ್ಕಳು ಮಂಚದಡಿ ಸೇರುತ್ತವಂತೆ. ನಾನು ಅವನಿಗೆ ಏನು ಹೇಳಲಿ? ಒಂದು ಲೋಟ ಹೆಚ್ಚು ಕಾಫಿ ತೆಗೆದುಕೊಂಡು, ನಿಂತೇ ಕುಡಿದು ಬಂದೆ.

ನನ್ನ ಬಗ್ಗೆ ಚಿಂತೆ ಬೇಡ. ನಾನಿರುವುದು ದಡದಲ್ಲಿ, ಹಡಗಿನ ಮೇಲಲ್ಲ. ಈ ತಿಂಗಳು ಸ್ವಲ್ಪ ಹೆಚ್ಚು ಹಣ ಕಳಿಸಿದ್ದೇನೆ, ಹಳೆಯ ಬಲೆಯನ್ನು ಹೊಲಿದು ಹೊಲಿದು ಕಣ್ಣು ಕೆಡಿಸಿಕೊಳ್ಳಬೇಡಿ, ಹೊಸದನ್ನೇ ತನ್ನಿ. ಅಮ್ಮನಿಗೆ ಈ ಪತ್ರವನ್ನು ಪೂರ್ತಿ ಓದಿ ಹೇಳಬೇಡಿ. ಹೊಲಿಗೆಯಂತ್ರದ ಕಥೆಯನ್ನು ಮಾತ್ರ ಹೇಳಿ. ಆ ಯಂತ್ರ ಇನ್ನೂ ಇದೆ, ಕೆಳಗಿನ ಮನೆಯಲ್ಲಿ ಸಂಜೆ ಹೊತ್ತು ಅದರ ಸದ್ದು ಕೇಳುತ್ತದೆ.

ಮನೆಯೊಡತಿ ನಿಮ್ಮ ದೋಣಿಯ ಚಿತ್ರ ನೋಡಬೇಕೆಂದು ಕೇಳಿದ್ದಾರೆ. ಹೊಸದಾಗಿ ಬಣ್ಣ ಬಳಿದು ನಂಬರ್ ಬರೆಸಿದ್ದೀರಲ್ಲ, ಅದು ಕಾಣುವಂತೆ ಒಂದು ಫೋಟೋ ತೆಗೆಸಿ ತಂಗಿಯ ಮೊಬೈಲಿನಿಂದ ಕಳಿಸಿ. ನೀವೂ ಪಕ್ಕದಲ್ಲಿ ನಿಂತಿರಿ.

ನಿಮ್ಮ ಪ್ರೀತಿಯ ಮಗ