ಹಳೆಯ ಟಿ.ವಿ.ಗೆ ಹೊಸ ಪ್ಲಗ್: ಬೆಂಕಿಕಡ್ಡಿ ಬೇಡ, ಸ್ಕ್ರೂಡ್ರೈವರ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾಯಿತೆಂದರೆ ಪತ್ರಿಕೆಗಳಲ್ಲಿ ‘ಟಿ.ವಿ. ಪ್ಲಗ್ ಕಿತ್ತಿಡಿ’ ಎಂಬ ಸೂಚನೆ ಬರುತ್ತದೆ. ಸೂಚನೆ ಸರಿಯೇ. ಆದರೆ ಜನ ಗಡಿಬಿಡಿಯಲ್ಲಿ ಹಿಡಿದೆಳೆಯುವುದು ಪ್ಲಗ್ಗನ್ನಲ್ಲ, ವೈರನ್ನು. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸೆಟ್‌ಟಾಪ್ ಬಾಕ್ಸ್ ಹಚ್ಚಿಕೊಂಡು ಇನ್ನೂ ಓಡುತ್ತಿರುವ ಪಿಕ್ಚರ್ ಟ್ಯೂಬಿನ ಟಿ.ವಿ.ಗಳ ಪ್ಲಗ್ ಕೆಡುವುದಕ್ಕೆ ದೊಡ್ಡ ಕಾರಣ ಇದು. ಪ್ಲಗ್ಗಿನ ಕುತ್ತಿಗೆಯ ಹತ್ತಿರ ಒಳಗಿನ ತಾಮ್ರ ತುಂಡಾಗುತ್ತದೆ, ಹೊರಗಿನ ಪಿವಿಸಿ ಮಾತ್ರ ಏನೂ ಆಗದಂತೆ ಇರುತ್ತದೆ. ವೈರು ಅಲ್ಲಾಡಿಸಿದರೆ ಚಿತ್ರ ಬರುತ್ತದೆ, ಕೈಬಿಟ್ಟರೆ ಹೋಗುತ್ತದೆ. ಕೊನೆಗೆ ಬೇಸತ್ತು ಪ್ಲಗ್ ಕತ್ತರಿಸಿ, ಬರಿ ತಂತಿಯನ್ನೇ ಸಾಕೆಟ್ಟಿಗೆ ತುರುಕಿ, ಬೀಳದಿರಲೆಂದು ಬೆಂಕಿಕಡ್ಡಿ ಸಿಕ್ಕಿಸುತ್ತಾರೆ.

‘ಎಲೆಕ್ಟ್ರಿಷಿಯನ್ನರನ್ನು ಕರೆಸಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಹಳ್ಳಿಯ ಮನೆಗೆ ಯಾರು ಬರುತ್ತಾರೆ? ಬರುವ ತನಕ ಬೆಂಕಿಕಡ್ಡಿಯೇ ಗತಿ. ಅದಕ್ಕಿಂತ ಪ್ಲಗ್ ಹಾಕುವ ಸರಿಯಾದ ಕ್ರಮವನ್ನೇ ಜನರಿಗೆ ತಿಳಿಸುವುದು ಲೇಸೆಂದು ಈ ಪತ್ರ. ಒಂದೇ ಷರತ್ತು: ಟಿ.ವಿ.ಯ ಹಿಂದಿನ ಮುಚ್ಚಳಕ್ಕೆ ಕೈ ಹಾಕಬಾರದು. ಬಣ್ಣದ ಟಿ.ವಿ.ಯ ಪಿಕ್ಚರ್ ಟ್ಯೂಬಿಗೆ ಹೋಗುವ ವಿದ್ಯುತ್ತು 20ರಿಂದ 25 ಸಾವಿರ ವೋಲ್ಟಿನದು, ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರುತ್ತದೆ. ನಮ್ಮ ಕೆಲಸ ವೈರಿನ ತುದಿಯಲ್ಲಿ ಮಾತ್ರ.

ಮೊದಲು ಅಂಗಡಿಯಲ್ಲಿ ಏನು ಕೇಳಬೇಕು? 6 ಆಂಪ್‌ನ ತ್ರೀ-ಪಿನ್ ಟಾಪ್, ಅಂದರೆ ಮೂರು ಪಿನ್ನಿನ ಪ್ಲಗ್. ಹಳೆಯದು ಟೂ-ಪಿನ್ ಆಗಿತ್ತಲ್ಲ ಎಂದರೆ, ಹೌದು. ಟಿ.ವಿ.ಗಳ ವೈರಿನಲ್ಲಿ ಸಾಮಾನ್ಯವಾಗಿ ಎರಡೇ ಎಳೆ, ಅರ್ತ್ ಇರುವುದಿಲ್ಲ. ಆದರೂ ತ್ರೀ-ಪಿನ್ನೇ ಒಳ್ಳೆಯದು. ಅದು ಸಾಕೆಟ್ಟಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ತಿರುಗಾಮುರುಗಾ ಆಗುವುದಿಲ್ಲ. ಇನ್ನೊಂದು ಅನುಕೂಲ: ಈಗಿನ ಕೆಲವು ಸಾಕೆಟ್ಟುಗಳಲ್ಲಿ ಅರ್ತ್ ಪಿನ್ನು ಒಳಹೋದರಷ್ಟೇ ತೆರೆಯುವ ಷಟರ್ ಇರುತ್ತದೆ, ಟೂ-ಪಿನ್ ತುರುಕಲು ಮೇಲಿನ ತೂತಿಗೆ ಸ್ಕ್ರೂಡ್ರೈವರ್ ಚುಚ್ಚುವ ಪ್ರಸಂಗ ಬರುವುದಿಲ್ಲ. ಟಾಪಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 1293 ಎಂಬ ಸಂಖ್ಯೆ ಇದೆಯೇ ನೋಡಿ. ಕೈಯಲ್ಲಿ ಹಿಡಿದು ಪಿನ್ನು ಅಲ್ಲಾಡಿಸಿ. ಹೊಸದರಲ್ಲೇ ಅಲುಗಾಡಿದರೆ ವಾಪಸು ಕೊಡಿ. ವೈರು ಬಿಗಿಹಿಡಿಯುವ ಪಟ್ಟಿ ಒಳಗಿದೆಯೇ ಎಂದು ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಆ ಪಟ್ಟಿಯಿಲ್ಲದ ಟಾಪನ್ನು ಮಾರುವ ಅಂಗಡಿಗಳು ಬೇಕಾದಷ್ಟಿವೆ.

ಇನ್ನು ಕೆಲಸ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಹೊರಗೆ ಎಳೆಯಬೇಕು. ಪಿನ್ನು ಮುರಿದು ಸಾಕೆಟ್ಟಿನಲ್ಲೇ ಉಳಿದಿದ್ದರೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಪ್ಲೈಯರಿನಲ್ಲಿ ಕೀಳಿ. ಎಳೆದ ತಕ್ಷಣ ಪ್ಲಗ್ಗಿನ ಎರಡೂ ಪಿನ್ನು ಒಟ್ಟಿಗೆ ಮುಟ್ಟಬೇಡಿ. ಸೆಟ್ಟಿನ ಬಾಯಲ್ಲೇ ಇರುವ ಫಿಲ್ಟರ್ ಕೆಪಾಸಿಟರ್ ಕೆಲವೊಮ್ಮೆ ಚಾರ್ಜ್ ಹಿಡಿದಿಟ್ಟುಕೊಂಡು ಜುಮ್ಮೆನಿಸುತ್ತದೆ. ಸ್ಕ್ರೂಡ್ರೈವರಿನ ಕಬ್ಬಿಣವನ್ನು ಎರಡೂ ಪಿನ್ನಿಗೆ ಅಡ್ಡ ತಾಗಿಸಿದರೆ ಅದು ಇಳಿದುಹೋಗುತ್ತದೆ.

ಹಳೆಯ ಪ್ಲಗ್ಗಿನಿಂದ ನಾಲ್ಕು ಇಂಚು ಬಿಟ್ಟು ವೈರು ಕತ್ತರಿಸಿ. ತುದಿ ಸುಲಿದು ನೋಡಿದಾಗ ತಾಮ್ರ ಕೆಂಪಗೆ ಹೊಳೆಯಬೇಕು. ಕಪ್ಪಾಗಿದ್ದರೆ, ಹಸಿರು ಹಿಡಿದಿದ್ದರೆ ಇನ್ನಷ್ಟು ಕತ್ತರಿಸಿ. ಕಡಲ ಬದಿಯ ಗಾಳಿಗೆ ಒಮ್ಮೊಮ್ಮೆ ಅಡಿಗಟ್ಟಲೆ ಒಳಗೂ ಕಪ್ಪು ಹೋಗಿರುತ್ತದೆ. ಹಾಗಿದ್ದರೆ, ಅಥವಾ ವೈರು ಬಗ್ಗಿಸಿದಲ್ಲಿ ಪಿವಿಸಿ ಬಿರಿಯುತ್ತಿದ್ದರೆ, ಇಲಿ ಕಡಿದಿದ್ದರೆ, ಬರೇ ಪ್ಲಗ್ ಬದಲಿಸಿ ಫಲವಿಲ್ಲ, ವೈರನ್ನೇ ಬದಲಿಸಬೇಕು. ಅದಕ್ಕೆ ಸೆಟ್ ಬಿಚ್ಚಬೇಕಾದ್ದರಿಂದ ಮೆಕ್ಯಾನಿಕ್ಕನ ಹತ್ತಿರ ಕೊಂಡುಹೋಗಿ, 23/76ರ (0.0076 ಇಂಚು ದಪ್ಪದ 23 ತಂತಿಗಳ) ಒಳ್ಳೆಯ ವೈರು ಹಾಕಿಸಿಕೊಳ್ಳಿ. ನಡುವೆ ಜೋಡಿಸಿ ಟೇಪ್ ಸುತ್ತುವ ಚಾಳಿ ಬೇಡ.

ವೈರು ಸರಿಯಿದ್ದರೆ ಹೊರಗಿನ ಕವಚ ಸುಮಾರು 35 ಮಿ.ಮೀ., ಒಳಗಿನ ಎಳೆಗಳ ತುದಿ 7–8 ಮಿ.ಮೀ. ಸುಲಿಯಿರಿ. ಹಲ್ಲಿನಿಂದ ಕಚ್ಚಿ ಎಳೆಯುವವರು ಒಂದು ವಿಷಯ ಲೆಕ್ಕ ಹಾಕಬೇಕು: ಟಿ.ವಿ. ವೈರಿನ ಒಂದೊಂದು ಎಳೆಯಲ್ಲಿ ಇರುವುದೇ ಹದಿನಾರೋ ಇಪ್ಪತ್ತನಾಲ್ಕೋ ಕೂದಲಿನಂಥ ತಂತಿ. ಅದರಲ್ಲಿ ಐದಾರು ಹೋದರೆ ವೈರು ಅಲ್ಲೇ ದುರ್ಬಲವಾಗುತ್ತದೆ. ತಂತಿಗಳನ್ನು ಹೊಸೆದು, ತೂತಿನ ಟರ್ಮಿನಲ್ ಆದರೆ ಎರಡು ಮಡಿಕೆ ಮಾಡಿ ತೂರಿಸಿ. ಸ್ಕ್ರೂ–ವಾಷರ್ ಆದರೆ ಸ್ಕ್ರೂ ತಿರುಗುವ ದಿಕ್ಕಿಗೇ ಸುತ್ತಿ. ಎಡಕ್ಕೆ ಸುತ್ತಿದ ತಂತಿಯನ್ನು ಬಿಗಿ ಮಾಡುತ್ತಿದ್ದ ಹಾಗೆ ಸ್ಕ್ರೂ ಹೊರಕ್ಕೆ ತಳ್ಳುತ್ತದೆ. ತುದಿಗೆ ಬೆಸುಗೆ ಹಾಕುವುದು ಜಾಣತನವೆಂದು ಕೆಲವರ ನಂಬಿಕೆ. ಬೆಸುಗೆ ಮೆತ್ತಗಿನ ಲೋಹ, ಸ್ಕ್ರೂವಿನ ಒತ್ತಡಕ್ಕೆ ದಿನಕಳೆದಂತೆ ಚಪ್ಪಟೆಯಾಗಿ ಸಡಿಲ ಬೀಳುತ್ತದೆ. ಬರಿ ತಾಮ್ರವೇ ಸರಿ. ಒಂದೇ ಒಂದು ಬಿಡಿ ತಂತಿಯೂ ಹೊರಗೆ ಚಾಚಿರಕೂಡದು.

ಕಂದು ಅಥವಾ ಕೆಂಪು ಎಳೆ ‘ಎಲ್’ ಗುರುತಿಗೆ, ನೀಲಿ ಅಥವಾ ಕಪ್ಪು ‘ಎನ್’ಗೆ. ಎರಡೂ ಒಂದೇ ಬಣ್ಣವಾದರೆ ಹೇಗೆ ಹಾಕಿದರೂ ಸೆಟ್ ನಡೆಯುತ್ತದೆ. ದೊಡ್ಡ ಪಿನ್ನಿನ, ಅಂದರೆ ಅರ್ತ್‌ನ, ಟರ್ಮಿನಲ್ ಖಾಲಿ ಬಿಡಿ, ಅದರ ಸ್ಕ್ರೂ ಮಾತ್ರ ಬಿಗಿ ಮಾಡಿ. ಇಲ್ಲಿ ಒಂದು ಅಪಾಯದ ‘ಸುಧಾರಣೆ’ಯ ಬಗ್ಗೆ ಹೇಳಲೇಬೇಕು. ಅರ್ತ್ ಪಿನ್ನು ಖಾಲಿ ಇದೆಯೆಂದು ಟಿ.ವಿ.ಯ ಒಳಗಿನ ಷಾಸಿಯಿಂದ (ಲೋಹದ ಚೌಕಟ್ಟಿನಿಂದ) ಅದಕ್ಕೊಂದು ತಂತಿ ಎಳೆಯುವವರಿದ್ದಾರೆ. ಹಳೆಯ ಬಹಳಷ್ಟು ಸೆಟ್ಟುಗಳಲ್ಲಿ ಷಾಸಿ ನೇರವಾಗಿ ಮೇನ್ಸ್‌ಗೇ ಸೇರಿರುತ್ತದೆ. ಅರ್ತ್ ಕೊಟ್ಟರೆ ಶಾರ್ಟ್ ಆಗಿ ಫ್ಯೂಸ್ ಹಾರುತ್ತದೆ, ಡಯೋಡ್ ಸುಡುತ್ತದೆ. ತಿರುಗಿಸುವ ಗುಬ್ಬಿ (ನಾಬ್) ಕಳಚಿದ ವಾಲ್ಯೂಮಿನ ಲೋಹದ ಕಡ್ಡಿಯನ್ನು ಬರಿಗೈಯಲ್ಲಿ ತಿರುಗಿಸಬಾರದೆನ್ನುವುದೂ ಇದೇ ಕಾರಣಕ್ಕೆ.

ಮುಚ್ಚಳ ಹಾಕುವ ಮುಂಚೆ ಬಿಗಿಪಟ್ಟಿ ಕವಚದ ಮೇಲೆ ಕೂತಿರಬೇಕು, ಬಿಡಿ ಎಳೆಗಳ ಮೇಲಲ್ಲ. ಚಪ್ಪಟೆ ವೈರು ಸಣ್ಣದಾಗಿ ಜಾರುತ್ತಿದ್ದರೆ ಅಲ್ಲೊಂದು ಪಿವಿಸಿ ಸ್ಲೀವ್ ತೊಡಿಸಿ, ಪಟ್ಟಿಯನ್ನು ಏಣು ಇರುವ ಬದಿಗೆ ಮಗುಚಿ ಹಾಕಿ.

ಮಲ್ಟಿಮೀಟರ್ ಇರುವವರಿಗೆ ಒಂದು ಮಾತು. ಪ್ಲಗ್ ಸಾಕೆಟ್ಟಿನ ಹೊರಗಿರುವಾಗಲೇ ಟಿ.ವಿ.ಯ ಸ್ವಿಚ್ ಆನ್ ಇಟ್ಟು ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳ ನಡುವೆ ಅಳೆದರೆ ಬಣ್ಣದ ಸೆಟ್ಟಿನಲ್ಲಿ ಸುಮಾರು 20ರಿಂದ 50 ಓಮ್ ತೋರಿಸಬಹುದು. ಶಾರ್ಟ್ ಆಗಿದೆಯೆಂದು ಹೆದರಬೇಡಿ. ಅದು ಪಿಕ್ಚರ್ ಟ್ಯೂಬಿನ ಸುತ್ತ ಇರುವ ಡಿಗಾಸಿಂಗ್ ಕಾಯಿಲ್, ಅಂದರೆ ಟ್ಯೂಬಿಗೆ ಹತ್ತಿದ ಅಯಸ್ಕಾಂತತೆ ತೆಗೆಯುವ ತಂತಿಸುರುಳಿ. ಆನ್ ಮಾಡಿದಾಗ ‘ಧುಂ’ ಎನ್ನುವುದು ಅದೇ. ಹತ್ತಿರ ಹತ್ತಿರ ಸೊನ್ನೆ ತೋರಿಸಿದರೆ ಮಾತ್ರ ಟಾಪ್ ಬಿಚ್ಚಿ ನೋಡಿ. ಅಲ್ಲಿ ತಪ್ಪಿಲ್ಲದಿದ್ದರೆ ಸೆಟ್ಟಿನ ಒಳಗೇ ಶಾರ್ಟ್.

ಆ ಕಾಯಿಲ್ಲೇ ಸಡಿಲ ಪ್ಲಗ್ಗಿನ ಶತ್ರು ಕೂಡ. 21 ಇಂಚಿನ ಸೆಟ್ ಸುಮಾರು 100 ವಾಟ್ ತಿನ್ನುತ್ತದೆ, 230 ವೋಲ್ಟಿನಲ್ಲಿ ಅರ್ಧ ಆಂಪಿಗಿಂತ ಕಡಿಮೆ. ಇಷ್ಟಕ್ಕೆ ಪ್ಲಗ್ ಯಾಕೆ ಸುಡುತ್ತದೆ ಎಂದು ಕೇಳುತ್ತಾರೆ. ಆನ್ ಮಾಡಿದ ಮೊದಲ ಕ್ಷಣಗಳಲ್ಲಿ ಕಾಯಿಲ್ ಮತ್ತು ಒಳಗಿನ ದೊಡ್ಡ ಕೆಪಾಸಿಟರ್ ಸೇರಿ ಹಲವು ಆಂಪ್ ಎಳೆಯುತ್ತವೆ. ಸಾಕೆಟ್ಟಿನ ಹಿತ್ತಾಳೆ ಸ್ಪ್ರಿಂಗ್ ಸಡಿಲವಿದ್ದರೆ ಪ್ರತಿಸಲವೂ ಅಲ್ಲೊಂದು ಕಿಡಿ, ಪಿನ್ನಿನ ಮೇಲೊಂದು ಕಪ್ಪು ಪದರ. ಹಾಗಾಗಿ ಹೊಸ ಪ್ಲಗ್ ಹಾಕಿ ಅರ್ಧ ಗಂಟೆ ಟಿ.ವಿ. ನಡೆಸಿ, ಸ್ವಿಚ್ ಆಫ್ ಮಾಡಿ ಟಾಪ್ ಎಳೆಯಿರಿ. ಎರಡೂ ಸಣ್ಣ ಪಿನ್ನಿಗೆ ಸ್ಕ್ರೂಡ್ರೈವರಿನ ಕಬ್ಬಿಣ ಅಡ್ಡ ತಾಗಿಸಿ, ನಂತರ ಮುಟ್ಟಿ ನೋಡಿ. ಟಾಪಿನ ಸ್ಕ್ರೂಗಳು ಬಿಗಿಯಿದ್ದೂ ಬೆಚ್ಚಗಿದ್ದರೆ ಸಾಕೆಟ್ಟೇ ಹೋಗಿದೆ. ಅದನ್ನು ಎಲೆಕ್ಟ್ರಿಷಿಯನ್ನರಿಂದ ಬದಲಿಸಿಕೊಳ್ಳಿ, ಇದಕ್ಕೆ ಅವರನ್ನು ಕಾಯಬಹುದು.

ಕೊನೆಗೆ ಹೊರದೇಶದಿಂದ ಬಂದ ಸೆಟ್ಟುಗಳು. ಹಿಂಬದಿಯ ಚೀಟಿಯಲ್ಲಿ 120 ವೋಲ್ಟ್, 60 ಹರ್ಟ್ಜ್ ಎಂದಷ್ಟೇ ಬರೆದಿರುವ ಅಮೆರಿಕದ ಟಿ.ವಿ.ಗೆ ನಮ್ಮ ಪ್ಲಗ್ ಹಾಕಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ, ಅದಕ್ಕೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ದುಬೈ, ದೋಹಾ, ಮಸ್ಕತ್‌ನಿಂದ ಉಡುಪಿ, ಮಂಗಳೂರು ಕಡೆಗೆ ಬಂದವುಗಳಲ್ಲಿ ಚೌಕ ಪಿನ್ನಿನ ಬ್ರಿಟಿಷ್ ಪ್ಲಗ್ ಇರುತ್ತದೆ. ಅದರ ಒಳಗೆ 3 ಅಥವಾ 5 ಆಂಪ್‌ನ ಫ್ಯೂಸ್ ಇದೆ, ವೈರನ್ನು ಕಾಯುವುದು ಅದೇ. ನಮ್ಮ ಟಾಪಿನಲ್ಲಿ ಆ ಕಾವಲಿಲ್ಲ. ಆದ್ದರಿಂದ ಅಂಥ ಸೆಟ್ಟಿಗೆ ಫ್ಯೂಸಿರುವ ಸ್ಪೈಕ್ ಬೋರ್ಡ್ (ಸಾಕೆಟ್ಟುಗಳ ಎಕ್ಸ್‌ಟೆನ್ಷನ್ ಪೆಟ್ಟಿಗೆ) ಬಳಸಿದರೆ ಉತ್ತಮ. ಕತ್ತರಿಸಿ ತೆಗೆದ ಹಳೆಯ ಪ್ಲಗ್ ಯಾವುದೇ ಇರಲಿ, ವೈರಿನ ಬಾಲ ಸಮೇತ ಮೂಲೆಗೆಸೆಯಬೇಡಿ. ಮಕ್ಕಳು ಅದನ್ನು ಸಾಕೆಟ್ಟಿಗೆ ಚುಚ್ಚಿದರೆ ಬಾಲದ ತುದಿಯಲ್ಲಿ 230 ವೋಲ್ಟ್ ಬಂದು ನಿಲ್ಲುತ್ತದೆ. ಬುಡಕ್ಕೇ ಕತ್ತರಿಸಿ, ಫ್ಯೂಸ್ ಇದ್ದರೆ ತೆಗೆದು, ಆಮೇಲೆ ಬಿಸಾಡಿ.

– ಟಿ.ವಿ. ದುರಸ್ತಿಗಾರರು, ಕುಂದಾಪುರ